ಎದೆ ಗಡ್ಡೆ ಕೇಸ್: ಕೊಯ್ದಾಯ್ತು, ರಿಪೋರ್ಟೂ ಬಂತು

ಹೋದ್ಸಲ ಬರೆದಿದ್ನಲ್ಲ, ಹಾಸನ ಕಡೆ ಎಚ್‌ಎಫ್ (ಹೋಲ್‌ಸ್ಟೀನ್ ಫ್ರೀಶಿಯನ್) ಕ್ರಾಸ್ ಹಸು, ಮುಂಗಾಲುಗಳ ಮಧ್ಯೆ ಎದೆ ಕೆಳಗೆ ಗಡ್ಡೆ, ಅದರ ಅಪ್‌ಡೇಟ್ ಇದು. ಯಜಮಾನ್ರದ್ದು ಒಂದೇ ಹಠ, "ಕೀವು ತುಂಬಿರ್ಬೇಕು ಡಾಕ್ಟ್ರೇ, ಒಂದ್ ಬ್ಲೇಡ್ ಹಾಕ್ಬುಡಿ". ಮುಟ್ಟಿದ್ರೆ ಬಿಸಿ ಇಲ್ಲ, ಅಮುಕಿದ್ರೂ ಹಸು ಸುಮ್ನೆ ನಿಂತಿರುತ್ತೆ, ಗಟ್ಟಿ ಗಡ್ಡೆ, ತಳ್ಳಿದ್ರೆ ಚರ್ಮದಡಿ ಜಾರುತ್ತೆ. 18 ಗೇಜ್ ಸೂಜಿ ಹಾಕಿ ಎಳೆದೆ, ಒಂದ್ ತೊಟ್ಟು ರಕ್ತ ಅಷ್ಟೇ. ಸ್ಲೈಡಲ್ಲೂ ನಾಲ್ಕು ಕೋಶ ಸಿಕ್ಕಿದ್ರೆ ಹೆಚ್ಚು, ನನ್ನ ಅನುಮಾನ ಫೈಬ್ರೋಮಾ (ನಾರಿನ ಗಡ್ಡೆ, ಕ್ಯಾನ್ಸರ್ ಅಲ್ಲ), ಅದು ಹಂಗೇ, ಸೂಜಿಗೆ ಕೋಶ ಬಿಟ್ಕೊಡಲ್ಲ, ಅದಕ್ಕೇ ತೆಗೆದು ಹಿಸ್ಟೋಪೆಥಾಲಜಿಗೆ (ತುಂಡನ್ನ ಮೈಕ್ರೋಸ್ಕೋಪಲ್ಲಿ ನೋಡೋ ಲ್ಯಾಬ್ ಪರೀಕ್ಷೆ) ಕಳಿಸೋದೇ ದಾರಿ ಅಂತ ತೀರ್ಮಾನ.

ನಿಜವಾದ ತಲೆನೋವು ಬೇರೆ, ಹಸು ಏಳು ತಿಂಗಳ ಗಬ್ಬ. ಕರು ಹಾಕೋವರೆಗೆ ಕಾಯೋಣ ಅಂದ್ರೆ ಮಲಗಿದಾಗೆಲ್ಲ ಗಡ್ಡೆ ನೆಲಕ್ಕೆ ಉಜ್ಜಿ ಚರ್ಮ ಕಿತ್ತೋಗಿ ನೊಣ ಮುತ್ತೋಕೆ ಶುರುವಾಗಿತ್ತು, ಹುಳ ಬಿದ್ರೆ ಇನ್ನೂ ರಗಳೆ. ಕ್ಸೈಲಜಿನ್ (ಮಂಪರು ಬರಿಸೋ ಔಷಧಿ) ಕೊಟ್ಟು ಮಲಗಿಸೋಕೆ ನಂಗೆ ಮನಸ್ಸಿಲ್ಲ, ಅದು ಗರ್ಭಕೋಶ ಹಿಂಡಿಸುತ್ತೆ, ಕಂದು ಹಾಕಿದ್ರೆ ಯಾರಿಗೆ ಹೇಳೋದು. ಟ್ರೆವಿಸ್‌ನಲ್ಲಿ (ದನ ಅಲುಗಾಡದಂಗೆ ಕಟ್ಟೋ ಚೌಕಟ್ಟು) ನಿಲ್ಲಿಸ್ಕೊಂಡೇ ಗಡ್ಡೆ ಬುಡದ ಸುತ್ತ 2% ಲಿಗ್ನೊಕೇನ್ ಹಾಕಿ ಮರಗಟ್ಟಿಸಿದೆ.

ಹುಣ್ಣಾದ ಚರ್ಮ ಸೇರಿಸಿ ಎಲೆ ಆಕಾರಕ್ಕೆ ಕೊಯ್ದೆ, ಆಮೇಲೆ ಬ್ಲೇಡ್ ಕೆಳಗಿಟ್ಟು ಬೆರಳಲ್ಲೇ ಬಿಡಿಸ್ತಾ ಹೋದೆ, ಈ ಕೆಲಸದಲ್ಲಿ ಅವಸರ ಮಾಡಿದವನು ರಕ್ತ ಒರೆಸ್ತಾ ಕೂರ್ತಾನೆ. ಬುಡದಲ್ಲಿ ಒಂದ್ ದಪ್ಪ ರಕ್ತನಾಳ ಮಿಡೀತಿತ್ತು, ಎರಡು ಕಡೆ ಕ್ಯಾಟ್‌ಗಟ್ (ಮೈಯಲ್ಲೇ ಕರಗೋ ದಾರ) ಬಿಗಿದು ನಡುವೆ ಕತ್ತರಿಸ್ದೆ. ಗಡ್ಡೆ ಸೀಳಿದ್ರೆ ಒಳಗೆಲ್ಲ ಬೆಳ್ಳಗೆ ನಾರುನಾರು. ತೆಳ್ಳನೆ ಹೋಳು ಮಾಡಿ 10% ಫಾರ್ಮಲಿನ್‌ಗೆ ಹಾಕಿದೆ, ಹೋಳಿನ ಹತ್ತು ಪಟ್ಟು ದ್ರಾವಣ ಇರ್ಬೇಕು, ದಪ್ಪ ತುಂಡು ಹಂಗೇ ಮುಳುಗಿಸಿದ್ರೆ ಒಳಗೆ ಕೊಳೆತು ಲ್ಯಾಬ್‌ನವ್ರು ಬೈತಾರೆ, ಬೈಯೋದೂ ಸರೀನೇ.

ರಿಪೋರ್ಟ್: ಫೈಬ್ರೋಮಾ, ಕ್ಯಾನ್ಸರ್ ಲಕ್ಷಣ ಇಲ್ಲ.

ಆಂಟಿಬಯಾಟಿಕ್ ನಡೆಯೋಷ್ಟು ದಿನ, ಅದಾದ್ಮೇಲೆ ಲೇಬಲ್‌ನಲ್ಲಿರೋ ಅವಧಿ ಮುಗಿಯೋವರೆಗೂ ಹಾಲು ಡೈರಿಗೆ ಹಾಕಂಗಿಲ್ಲ ಅಂದಾಗ ಯಜಮಾನ್ರ ಮುಖ ಸಣ್ಣಗಾಯ್ತು. ಅವ್ರ ಮನೆಯವ್ರೇ, "ಹೆಂಗೂ ಹಾಲು ಬತ್ಸೋ ಹೊತ್ತಲ್ವಾ, ಬುಡಿ" ಅಂದ್ರು.

ಈಗಿನ ಸ್ಥಿತಿ ಹೇಳ್ಬೇಕಂದ್ರೆ ಮೇವು ಚೆನ್ನಾಗಿ ತಿಂತಿದೆ, ಜ್ವರ ಇಲ್ಲ. ಗಾಯದ ಕೆಳತುದೀಲಿ ಬೇಕಂತ್ಲೇ ಬಿಟ್ಟ ಸಂದಿಯಿಂದ ತಿಳಿನೀರು ಒಸರ್ತಿದೆ, ವಾಸನೆ ಇಲ್ಲ. ದಿನಾ ಪೋವಿಡೋನ್ ಅಯೋಡಿನ್, ಸುತ್ತ ನೊಣಕ್ಕೆ ಬೇವಿನೆಣ್ಣೆ. ಮೇಲಿನ ಹೊಲಿಗೆ ಬಿಚ್ಚಿದೀನಿ, ಕೆಳಗಿನವು ಊತ ಇಳಿದ್ಮೇಲೆ.