ಇಲ್ಲ, ನಂಗೆ ಎವರೆಸ್ಟ್ "ಆಗಿಲ್ಲ"

ಒಂದ್ಸಲ ಬರೆದಿಟ್ಟುಬಿಡೋಣ ಅಂತ ಕೂತಿದೀನಿ. ಇನ್ಮೇಲೆ ಯಾರು ಕೇಳಿದ್ರೂ ಬಾಯಿ ನೋಯಿಸ್ಕೊಳ್ಳಲ್ಲ, ಇದನ್ನೇ ಕಳಿಸ್ತೀನಿ. ಪ್ರಶ್ನೆ: "ಎವರೆಸ್ಟ್ ಆಯ್ತಾ?" ಉತ್ತರ: ಇಲ್ಲ. ಆಗಿಲ್ಲ, ಆಗಿಸ್ಕೊಳ್ಳೋ ಪ್ಲಾನೂ ಇಲ್ಲ. ಇಷ್ಟು ಸಾಕು ಅನ್ನೋರು ಇಲ್ಲೇ ನಿಲ್ಲಿಸಬಹುದು, ಮುಂದೆ ಇರೋದೆಲ್ಲ ನನ್ನ ಸಿಟ್ಟು.

ನಾನು ಅರಸೀಕೆರೆ ಕಡೆಯವನು, ಇರೋದು ಉತ್ತರಾಖಂಡದ ಉತ್ತರಕಾಶಿಯಲ್ಲಿ. ಕೋರ್ಸ್ ಮಾಡೋಕೆ ಅಂತ ಬಂದೋನು ಇಲ್ಲೇ ಉಳ್ಕೊಂಡೆ. ನೆಹರೂ ಪರ್ವತಾರೋಹಣ ಸಂಸ್ಥೆ ಇರೋ ಊರಿದು, 1965ರಲ್ಲಿ ಶುರುವಾಗಿದ್ದು, ಎಲ್ಲರೂ ಕರೆಯೋದು ನಿಮ್ (NIM) ಅಂತ. ಮೇ-ಜೂನ್ ಮತ್ತೆ ಸೆಪ್ಟೆಂಬರ್-ಅಕ್ಟೋಬರ್‌ನಲ್ಲಿ ಹತ್ತೋಕೆ ಬರೋ ತಂಡಗಳ ಜೊತೆ ಬೆಟ್ಟದ ಮೇಲೆ ಇರ್ತೀನಿ, ಮಳೆಗಾಲದಲ್ಲಿ ಗಂಗೋತ್ರಿ ರೋಡ್ ಯಾವಾಗ ಕುಸಿಯುತ್ತೆ ಯಾವಾಗ ತೆಗೀತಾರೆ ಅಂತ ಕಾಯ್ತೀನಿ, ಚಳಿಗಾಲದಲ್ಲಿ ಹರಿದ ಟೆಂಟ್ ಹೊಲಿಸೋದು, ಹಗ್ಗ ಬಿಚ್ಚಿ ಗೇಣು ಗೇಣಾಗಿ ಮುಟ್ಟಿ ನೋಡೋದು, ಬಾಕಿ ಇಟ್ಟವರಿಗೆ ಫೋನ್ ಮಾಡೋದು. ಕೊನೇದೇ ಎಲ್ಲಕ್ಕಿಂತ ಕಷ್ಟ.

1984ರಲ್ಲಿ ಎವರೆಸ್ಟ್ ಹತ್ತಿದ ಮೊದಲ ಭಾರತೀಯ ಮಹಿಳೆ ಬಚೇಂದ್ರಿ ಪಾಲ್ ಇದಾರಲ್ಲ, ಅವರ ಊರು ನಾಕುರಿ ಇದೇ ಜಿಲ್ಲೆ. ಇಲ್ಲಿ ಎವರೆಸ್ಟ್ ಹತ್ತಿದೋರು ಟೀ ಅಂಗಡಿಯಲ್ಲಿ ನಿಮ್ಮ ಪಕ್ಕನೇ ಕೂತು ಬನ್ ತಿಂತಿರ್ತಾರೆ, ಯಾರೂ ತಲೆ ಎತ್ತಿ ನೋಡಲ್ಲ. ಇಷ್ಟು ವರ್ಷದಲ್ಲಿ ಈ ಊರಿನವರು ಒಬ್ಬರೂ ನನ್ನನ್ನ ಈ ಪ್ರಶ್ನೆ ಕೇಳಿಲ್ಲ. ಕೇಳೋದು ನಮ್ಮೋರು.

ಕೇಳೋ ರೀತಿನಾದ್ರೂ ನೋಡಿ. "ಮದುವೆ ಆಯ್ತಾ" ಅಂತ ಕೇಳೋ ಅದೇ ರಾಗ. ಇಲ್ಲ ಅಂದ ತಕ್ಷಣ ಮುಖ ಒಂದ್ಚೂರು ಸಣ್ಣಗಾಗುತ್ತೆ, ಆಮೇಲೆ ಸಮಾಧಾನ ಮಾಡ್ತಾರೆ, "ಪರವಾಗಿಲ್ಲ ಬಿಡಿ, ಇನ್ನೂ ವಯಸ್ಸಿದೆ". ಸಮಾಧಾನ ಯಾರು ಕೇಳಿದ್ರು ಸ್ವಾಮಿ? ಇನ್ನು ಕೆಲವರು ಸ್ವಲ್ಪ ಓದಿರ್ತಾರೆ, ಅವರ ಪ್ರಶ್ನೆ ಇನ್ನೂ ಮೋಸ: "ಹಂಗಾದ್ರೆ ಬರೀ ಟ್ರೆಕ್ಕಿಂಗಾ?" ಆ "ಬರೀ" ಅನ್ನೋದನ್ನ ನಾನು ಜೀವಮಾನದಲ್ಲಿ ಕ್ಷಮಿಸಲ್ಲ.

ಹೋದ ಸಲ ಊರಿಗೆ ಹೋಗಿದ್ದಾಗ ಚಿಕ್ಕಪ್ಪನ ಮಗನ ಗೃಹಪ್ರವೇಶ. ದೊಡ್ಡಪ್ಪ ನನ್ನ ಭುಜ ಹಿಡ್ಕೊಂಡು ಯಾರಿಗೋ "ನಮ್ಮ ಹುಡುಗ, ಹಿಮಾಲಯದಲ್ಲಿ ಇರ್ತಾನೆ, ಎವರೆಸ್ಟ್ ಹತ್ತೋ ಕೆಲ್ಸ" ಅಂದ್ರು. ದೊಡ್ಡಪ್ಪಾ ಹಂಗಲ್ಲ ಅಂತ ನಾನು ಶುರು ಮಾಡೋಷ್ಟರಲ್ಲಿ ಅವರು ಮುಂದಿನವರ ಹತ್ರ ಹೋಗಾಗಿತ್ತು. ಮೊದಲ ಪಂಕ್ತಿಯಲ್ಲಿ ನಾನು "ಎವರೆಸ್ಟ್ ಹತ್ತೋ ಕೆಲ್ಸದಲ್ಲಿ" ಇದ್ದೆ, ಎರಡನೇ ಪಂಕ್ತಿಗೆ "ಅರ್ಧ ಹತ್ತಿದಾನೆ, ಆಮೇಲೆ ಹವಾಮಾನ ಕೆಟ್ಟೋಯ್ತು" ಆಯ್ತು, ಮೂರನೇ ಪಂಕ್ತಿ ಏಳೋ ಹೊತ್ತಿಗೆ ನಾನು ಮೇಲೆ ಬಾವುಟನೂ ಹಾರಿಸಿ ಇಳಿದು ಬಂದಿದ್ದೆ. ಯಾರೋ ಅಮ್ಮ ಮಗೂನ ಕರ್ಕೊಂಡು ಬಂದು "ಅಂಕಲ್‌ಗೆ ನಮಸ್ಕಾರ ಮಾಡು ಪುಟ್ಟ" ಅಂದ್ರು. ಆ ಮಗು ನನ್ನ ಚಪ್ಪಲಿ ನೋಡ್ತು. ಬಹುಶಃ ಶೂ ಇರುತ್ತೆ ಅನ್ಕೊಂಡಿತ್ತೇನೋ.

ಅಲ್ಲಿ ಒಬ್ಬರು ರಿಟೈರ್ಡ್ ಇಂಜಿನಿಯರ್ ಇದ್ರು, ಅವರು ಸುಮ್ನೆ ಬಿಡ್ಲಿಲ್ಲ. ಸರ್ಟಿಫಿಕೇಟ್ ಇದ್ಯಾ, ಯಾವ ವರ್ಷ, ಯಾವ ರೂಟ್, ಎಲ್ಲಾ ಕೇಳಿದ್ರು. ಇಲ್ಲ ಸರ್ ನಾನು ಎವರೆಸ್ಟ್ ಹತ್ತಿಲ್ಲ, ಗಢ್ವಾಲ್ ಕಡೆ ಎಕ್ಸ್‌ಪೆಡಿಷನ್‌ಗಳಿಗೆ ಬೇಸ್ ಕ್ಯಾಂಪ್, ರೇಷನ್, ಹಗ್ಗ, ಹೊರೆ ಇದೆಲ್ಲಾ ನೋಡ್ಕೊಳ್ತೀನಿ, ಕೆಲವೊಮ್ಮೆ ಟೀಮ್ ಜೊತೆ ಮೇಲಿನ ಕ್ಯಾಂಪ್‌ಗೂ ಹೋಗ್ತೀನಿ ಅಂದೆ. ಅವರು ಎಲೆ ಮಡಚ್ತಾ "ಓ, ಲಗೇಜ್ ನೋಡ್ಕೊಳೋ ಕೆಲ್ಸ" ಅಂದ್ರು.

ಹೌದು. ಲಗೇಜ್ ನೋಡ್ಕೊಳೋ ಕೆಲ್ಸನೇ. 1953ರಲ್ಲಿ ಎವರೆಸ್ಟ್ ಮೇಲೆ ನಿಂತೋರು ಇಬ್ಬರು, ಆ ಎಕ್ಸ್‌ಪೆಡಿಷನ್‌ಗೆ ಸಾಮಾನು ಹೊತ್ತೋರು 350ಕ್ಕೂ ಹೆಚ್ಚು ಜನ. 2014ರ ಏಪ್ರಿಲ್ 18ಕ್ಕೆ ಎವರೆಸ್ಟ್ ದಾರಿಯ ಖುಂಬು ಐಸ್‌ಫಾಲ್‌ನಲ್ಲಿ ಹಿಮ ಬಿದ್ದು ತೀರ್ಕೊಂಡ 16 ಜನ ಇದಾರಲ್ಲ, ಅಷ್ಟೂ ಜನ ನೇಪಾಳದ ಕೆಲಸಗಾರರು, ಬೇರೆಯವರು ಹತ್ತೋದಕ್ಕೆ ದಾರಿ ಮಾಡ್ತಾ, ಸಾಮಾನು ಸಾಗಿಸ್ತಾ ಇದ್ದೋರು. ಲಗೇಜ್ ನೋಡ್ಕೊಳೋರು.

ಎತ್ತರದ ಲೆಕ್ಕ ಹಿಡ್ಕೊಂಡು ಬರೋರಿಗೂ ಒಂದು ಮಾತು ಹೇಳಿಬಿಡ್ತೀನಿ. ಎವರೆಸ್ಟ್ 8,848.86 ಮೀಟರ್, ಸರಿ, ಅದಕ್ಕಿಂತ ಎತ್ತರದ್ದು ಇಲ್ಲ, ಒಪ್ಪಿದೆ. ಗಂಗೋತ್ರಿಯಿಂದ ಗೋಮುಖ ದಾಟಿ ತಪೋವನಕ್ಕೆ ಬನ್ನಿ, ಶಿವಲಿಂಗ್ ಶಿಖರದ ಪಕ್ಕ ಮೇರು ಅಂತ ಒಂದು ಬೆಟ್ಟ ಕಾಣುತ್ತೆ, ನಡುವಿನ ಶಿಖರ 6,310 ಮೀಟರ್. ಅದರ ಶಾರ್ಕ್ಸ್ ಫಿನ್ ಅನ್ನೋ ಬಂಡೆ ದಾರೀಲಿ ಮೊದಲ ಸಲ ಮನುಷ್ಯರು ಮೇಲೆ ತಲುಪಿದ್ದು 2011ರಲ್ಲಿ. ಎವರೆಸ್ಟ್ ಆಗಿ 58 ವರ್ಷ ಆದ್ಮೇಲೆ! ಎರಡೂವರೆ ಸಾವಿರ ಮೀಟರ್ ಗಿಡ್ಡ ಅಂತ ಅದನ್ನ ಯಾರೂ ಗೃಹಪ್ರವೇಶದಲ್ಲಿ ಕೇಳಲ್ಲ. ಎವರೆಸ್ಟ್‌ಗೆ ನೇಪಾಳದ ಪರ್ಮಿಟ್ ಒಂದಕ್ಕೇ ತಲೆಗೆ 15,000 ಡಾಲರ್ ಮಾಡಿದಾರೆ 2025ರ ಸೆಪ್ಟೆಂಬರ್‌ನಿಂದ, ಮೊದಲು 11,000 ಇತ್ತು. ಶೆರ್ಪಾ, ಆಕ್ಸಿಜನ್, ಊಟ, ವಿಮಾನ ಎಲ್ಲಾ ಬೇರೆ. ನನ್ನ ಹತ್ರ ಅಷ್ಟು ದುಡ್ಡಿದ್ರೆ ಮೊದಲು ಊರಲ್ಲಿ ಅಪ್ಪನ ಬೋರ್‌ವೆಲ್ ಸಾಲ ತೀರಿಸ್ತೀನಿ.

"ಸಣ್ಣ ಪೀಕು" ಅನ್ನೋರಿಗೆ ಇನ್ನೊಂದು, ಇದನ್ನ ತಮಾಷೆಯಾಗಿ ಹೇಳೋಕಾಗಲ್ಲ. ದ್ರೌಪದಿ ಕಾ ದಂಡಾ-2, 5,670 ಮೀಟರ್, ನಿಮ್‌ನವರು ಅಡ್ವಾನ್ಸ್ ಕೋರ್ಸ್ ಹುಡುಗರನ್ನ ಕರ್ಕೊಂಡು ಹೋಗೋ ಪೀಕ್. 2022ರ ಅಕ್ಟೋಬರ್ 4ರ ಬೆಳಿಗ್ಗೆ ಅಲ್ಲಿ ಹಿಮ ಜಾರ್ತು. 29 ಜನ. ಅದರಲ್ಲಿ ಕರ್ನಾಟಕದವರೂ ಇದ್ರು. ಇನ್‌ಸ್ಟ್ರಕ್ಟರ್ ಸವಿತಾ ಕಂಸ್ವಾಲ್ ಇದ್ರು, ಇದೇ ಜಿಲ್ಲೆಯ ಹುಡುಗಿ, ಅದೇ ವರ್ಷ ಮೇ ತಿಂಗಳಲ್ಲಿ ಎವರೆಸ್ಟ್, ಹದಿನಾರೇ ದಿನದಲ್ಲಿ ಮಕಾಲು ಅನ್ನೋ ಇನ್ನೊಂದು ದೊಡ್ಡ ಶಿಖರ, ಎರಡೂ ಹತ್ತಿ ಬಂದಿದ್ರು. ಅವರಿಗೆ ಎವರೆಸ್ಟ್ ಆಗಿತ್ತು.

ಪೀಕೂ ಬೇಡ. 2024ರ ಜೂನ್‌ನಲ್ಲಿ ಸಹಸ್ರತಾಲ್ ಅನ್ನೋ ಸರೋವರದ ದಾರೀಲಿ ಏನಾಯ್ತು ಅಂತ ನಿಮಗೆಲ್ಲ ಗೊತ್ತು, ನಮ್ಮ ಕರ್ನಾಟಕದಿಂದಲೇ ಬಂದಿದ್ದ ಟ್ರೆಕ್ಕಿಂಗ್ ತಂಡ, ಹಗ್ಗ ಬೇಡ, ಬೂಟಿಗೆ ಕಟ್ಟೋ ಕ್ರಾಂಪಾನ್ ಮುಳ್ಳು ಬೇಡ, ನಡ್ಕೊಂಡು ಹೋಗೋ ದಾರಿ, ನಾಲ್ಕು ಸಾವಿರ ಮೀಟರ್ ದಾಟಿದ ಮೇಲೆ ಗಾಳಿ ಹಿಮ ಒಟ್ಟಿಗೆ ಹಿಡ್ಕೊಂಡು 9 ಜನ ಹೋದ್ರು. ಆ ವಾರ ಕನ್ನಡ ಬರುತ್ತೆ ಅಂತ ನನ್ನ ನಂಬರ್ ಯಾರ್ಯಾರಿಗೋ ಸಿಕ್ಕಿ ಫೋನ್ ಬಂದಿದ್ದೇ ಬಂದಿದ್ದು. ಅದರ ಬಗ್ಗೆ ಇಲ್ಲಿ ಇಷ್ಟೇ. "ಬರೀ ಟ್ರೆಕ್ಕಿಂಗಾ" ಅಂತ ಇನ್ನೊಂದ್ಸಲ ಕೇಳಿ ನೋಡೋಣ.

ಸರಿ, ಗೃಹಪ್ರವೇಶಕ್ಕೆ ವಾಪಸ್ ಬರ್ತೀನಿ, ಯಾಕಂದ್ರೆ ಅವತ್ತು ಒಬ್ರು ಸರಿಯಾದ ಪ್ರಶ್ನೆ ಕೇಳಿದ್ರು. ಅಡುಗೆ ಭಟ್ರು. ಊಟ ಎಲ್ಲಾ ಮುಗಿದು ಹಿಂದುಗಡೆ ಶಾಮಿಯಾನ ನೆರಳಲ್ಲಿ ಕೊಪ್ಪರಿಗೆ ಮಗುಚಿ ಕೂತಿದ್ರು, ನಾನು ನಮಸ್ಕಾರ ತಪ್ಪಿಸ್ಕೊಳ್ಳೋಕೆ ಅಲ್ಲಿಗೆ ಹೋಗಿದ್ದೆ. ಅಡಿಕೆ ಬಾಯಿಗೆ ಹಾಕ್ಕೊಂಡು ಕೇಳಿದ್ರು: "ಅಲ್ಲಿ ಅನ್ನ ಬೇಯುತ್ತೇನ್ರೀ?"

ಭಟ್ರೇ, ಬೇಯಲ್ಲ! ಅಂತ ನಾನು ಅಲ್ಲೇ ಕೂತೆ. ಸತೋಪಂಥ್ ಶಿಖರಕ್ಕೆ ಹೋಗೋರು ವಾಸುಕಿ ತಾಲ್‌ನಲ್ಲಿ ಬೇಸ್ ಕ್ಯಾಂಪ್ ಹಾಕ್ತಾರೆ, ಹತ್ತಿರ ಹತ್ತಿರ 4,900 ಮೀಟರ್, ಅಲ್ಲಿ ನೀರು 84 ಡಿಗ್ರಿಗೇ ಕುದ್ದುಬಿಡುತ್ತೆ. ಕುದೀತಾ ಇರುತ್ತೆ, ಕೈ ಇಟ್ರೆ ಸುಡುತ್ತೆ, ಆದ್ರೆ ಬೇಳೆ ಎಷ್ಟೊತ್ತಾದ್ರೂ ಕಲ್ಲು. ಕುಕ್ಕರ್ ಇಲ್ಲದೆ ಏನೂ ಆಗಲ್ಲ. ಮತ್ತೆ ಆ ಕುಕ್ಕರ್‌ನ ರಬ್ಬರ್ ಚಳಿಗೆ ಗಟ್ಟಿಯಾಗಿ ಆವಿ ಬಿಟ್ಟುಬಿಡುತ್ತೆ, ಅದಕ್ಕೇ ನಾನು ಎಕ್ಸ್‌ಟ್ರಾ ರಬ್ಬರು, ಎಕ್ಸ್‌ಟ್ರಾ ಸೇಫ್ಟಿ ವಾಲ್ವು, ಸೀಮೆಎಣ್ಣೆ ಸ್ಟೋವ್‌ಗೆ ಪಿನ್ನು, ಇದನ್ನೆಲ್ಲಾ ಸೋಪ್ ಡಬ್ಬಿಗೆ ಹಾಕಿ ನನ್ನ ಸ್ವಂತ ಬ್ಯಾಗಲ್ಲೇ ಇಟ್ಕೊಳ್ತೀನಿ, ಯಾರಿಗೂ ಕೊಡಲ್ಲ. ಐಸ್ ಆಕ್ಸ್ ಕಳೆದ್ರೆ ಟೀಮಲ್ಲಿ ಇನ್ನೊಂದಿರುತ್ತೆ. ಕುಕ್ಕರ್ ರಬ್ಬರ್ ಹೋದ್ರೆ ಎಕ್ಸ್‌ಪೆಡಿಷನ್ ವಾಪಸ್.

ಭಟ್ರು ತಲೆ ಆಡಿಸಿದ್ರು. ಮೊಟ್ಟೆ? ಅಂದ್ರು, ಅವರು ತಿನ್ನಲ್ಲ, ಆದ್ರೂ ಕೇಳಿದ್ರು. ಮೊಟ್ಟೆ ಟ್ರೇ ಸಮೇತ ನೀಲಿ ಡ್ರಮ್ಮಿಗೆ ಇಳಿಸಿ ಸುತ್ತ ಹುಲ್ಲು ತುಂಬ್ತೀವಿ, ಟೀಮಲ್ಲಿ ನಿಧಾನಸ್ಥ ಯಾರು ಅಂತ ನೋಡಿ ಅವನ ಬೆನ್ನಿಗೆ ಕೊಡೋದು. ಸೀಮೆಎಣ್ಣೆ? ಅದು ಸೊನ್ನೆಗಿಂತ ಸುಮಾರು ಕೆಳಗೆ ಹೋದ್ರೂ ನೀರಿನ ಥರ ಗಟ್ಟಿ ಆಗಲ್ಲ, ಬೆಳಗಿನ ಜಾವ ಕೈ ಮೇಲೆ ಚೆಲ್ಕೊಂಡ್ರೆ ಚರ್ಮಾನೇ ಹೆಪ್ಪುಗಟ್ಟುತ್ತೆ, ಗ್ಲವ್ಸ್ ಹಾಕದೆ ಕ್ಯಾನ್ ಮುಟ್ಟಬೇಡ ಅಂತ ಹೊಸ ಹುಡುಗರಿಗೆ ಬೈದು ಬೈದು ಸಾಕಾಗುತ್ತೆ. ರಾಗಿ? ಸಿಗುತ್ತೆ ಭಟ್ರೇ, ಇಲ್ಲಿ ಮಂಡುವಾ ಅಂತಾರೆ, ರೊಟ್ಟಿ ತಟ್ತಾರೆ. ಮುದ್ದೆ ಅಂದ್ರೆ ಮಾತ್ರ ನನ್ನ ಕುಕ್ ಮುಖ ಸಿಂಡರಿಸ್ತಾನೆ.

ಆಮೇಲೆ ಲೆಕ್ಕಕ್ಕೆ ಬಂದ್ವಿ. ಒಬ್ಬ ಹೊರೆಯವನ ಲೋಡ್ 25 ಕೆಜಿ ಅಂತ ಇಟ್ಕೊಳ್ಳಿ. ಅವನೂ ದಿನಕ್ಕೆ ಹೆಚ್ಚುಕಮ್ಮಿ ಒಂದು ಕೆಜಿ ತಿಂತಾನೆ, ತಿನ್ನಲೇಬೇಕು, ಆ ಹೊರೆ ಹೊತ್ತು ಮೊರೇನ್ ಮೇಲೆ, ಅಂದ್ರೆ ಹಿಮನದಿ ತಂದು ಹಾಕಿದ ಕಲ್ಲುರಾಶಿ ಮೇಲೆ, ನಡೆಯೋನಿಗೆ ಅದಕ್ಕಿಂತ ಕಮ್ಮಿ ಕೊಟ್ರೆ ಪಾಪ ತಟ್ಟುತ್ತೆ. ಹೋಗಿ ಬರೋಕೆ ಆರು ದಿನ ಅಂದ್ರೆ ಆರು ಕೆಜಿ, ಅಂದ್ರೆ ಹೊರೆಯಲ್ಲಿ ಕಾಲು ಭಾಗ ಅವನ ಹೊಟ್ಟೆಗೇ. ಅಂದ್ರೆ ಬೇಸ್ ಕ್ಯಾಂಪಿಗೆ 500 ಕೆಜಿ ಸಾಮಾನು ತಲುಪಬೇಕಾದ್ರೆ... ಅಂತ ನಾನು ಹೇಳೋಷ್ಟರಲ್ಲಿ ಭಟ್ರು ನಡುವೆ ಬಾಯಿ ಹಾಕಿ "ಇಪ್ಪತ್ತು ಜನ ಸಾಕಾಗಲ್ಲ, ಅನ್ನ ಹೊರೋಕೆ ಮತ್ತೆ ಜನ ಬೇಕು, ಆ ಜನಕ್ಕೂ ಅನ್ನ ಬೇಕು" ಅಂದ್ರು. ಸರಿಯಾಗಿ ಹೇಳಿದ್ರು, 27 ಜನ ಬೇಕು. ಬೆಂಗಳೂರಿಂದ ಲ್ಯಾಪ್‌ಟಾಪ್ ಸಮೇತ ಬರೋ ಟೀಮ್ ಲೀಡರ್‌ಗಳು, ದೊಡ್ಡ ದೊಡ್ಡ ಕಂಪನಿಯಲ್ಲಿ ಪ್ರಾಜೆಕ್ಟ್ ನಡೆಸೋರು, ಅವರಿಗೆ ಇದನ್ನ ಅರ್ಥ ಮಾಡಿಸೋಕೆ ನಂಗೆ ಒಂದು ಸಂಜೆ ಪೂರ್ತಿ ಬೇಕಾಗುತ್ತೆ, "ಏಳು ಜನ ಎಕ್ಸ್‌ಟ್ರಾ ಯಾಕೆ ಬಿಲ್ ಮಾಡಿದೀರಾ" ಅಂತಾರೆ. ಇವರಿಗೆ ಒಂದು ಎಲೆ ಅಡಿಕೆ ಮುಗಿಯೋಷ್ಟರಲ್ಲಿ ಅರ್ಥ ಆಯ್ತು.

ಎಲೆ ಉಗಿದು ಬಂದು ಇನ್ನೊಂದು ಕೇಳಿದ್ರು. "ಅಷ್ಟು ಜನ ಹೊರೋರು ಇರ್ತಾರಲ್ಲ, ಅವರು ರಾತ್ರಿ ಎಲ್ಲಿ ಮಲಗ್ತಾರೆ?" ಇಂಥ ಭಾರೀ ಅಡುಗೆ ಕೆಲಸಕ್ಕೆ ಹೋದ ಕಡೆ ಛತ್ರದ ಹಿಂದಿನ ಪಡಸಾಲೆಯಲ್ಲಿ ಮಲಗಿ ಗೊತ್ತಿರೋರು, ಅದಕ್ಕೇ ಹೊಳೀತು ಅನ್ಸುತ್ತೆ.

ನಂಗೆ ಅವತ್ತು ಸರಿಯಾಗಿ ಹೇಳೋಕಾಗಲಿಲ್ಲ, ಯಾರೋ ಫೋಟೋಗೆ ಎಳ್ಕೊಂಡು ಹೋದ್ರು. ಈಗ ಹೇಳ್ತೀನಿ. ಗಂಗೋತ್ರಿ ಕಡೆ ಹೊರೋರಲ್ಲಿ ತುಂಬಾ ಜನ ಪಶ್ಚಿಮ ನೇಪಾಳದವರು, ಸೀಸನ್‌ಗೆ ಅಂತ ಬರ್ತಾರೆ, ಜೊತೆಗೆ ಇಲ್ಲಿನ ಹಳ್ಳಿಗಳ ಹುಡುಗರು. ದುಡ್ಡು ಕೊಟ್ಟು ಹತ್ತೋಕೆ ಬರೋ ಮೆಂಬರ್‌ಗಳಿಗೆ ಇಬ್ಬಿಬ್ಬರಿಗೆ ಒಂದು ಟೆಂಟ್, ಕೆಳಗೆ ಮ್ಯಾಟ್, ಮೈನಸ್ ಡಿಗ್ರಿ ಸ್ಲೀಪಿಂಗ್ ಬ್ಯಾಗ್. ಎಷ್ಟೋ ಕಡೆ ಹೊರೋರಿಗೆ ಒಂದು ಟಾರ್ಪಾಲ್ ಶೀಟು, ಇಲ್ಲಾಂದ್ರೆ ಬಂಡೆ ಕೆಳಗಿನ ಪೊಟರೆ. ಊಟ ಅವರೇ ಮಾಡ್ಕೋಬೇಕು, ನಡೆದು ಸುಸ್ತಾಗಿ ಬಂದ ಮೇಲೆ. ಮೆಂಬರ್‌ಗೆ ತಲೆನೋವು ಅಂದ್ರೆ ಎತ್ತರದ ತೊಂದರೆಗೆ ಕೊಡೋ ಡಯಾಮಾಕ್ಸ್ ಮಾತ್ರೆ ಕೊಟ್ಟು ಆಕ್ಸಿಮೀಟರ್ ಹಾಕಿ ಸುತ್ತ ಮೂರು ಜನ ನಿಲ್ತಾರೆ. ಹೊರೆಯವನಿಗೆ ತಲೆನೋವು ಅಂದ್ರೆ ಕುಡಿದಿದಾನೆ ಅಂತಾರೆ. ನೇಪಾಳದವನು ಅಂದ್ರೆ ಹುಟ್ಟಿದ್ದೇ ಬೆಟ್ಟದ ಮೇಲೆ, ಅವನಿಗೇನು ಅನ್ನೋ ಭ್ರಮೆ ಬೇರೆ. ಅವನ ಊರು ಎರಡು ಸಾವಿರ ಮೀಟರ್‌ನಲ್ಲಿರುತ್ತೆ, ನಾಲ್ಕೂವರೆ ಸಾವಿರಕ್ಕೆ ಒಂದೇ ಸಮ ಹತ್ತಿಸಿದ್ರೆ ಅವನ ಶ್ವಾಸಕೋಶಕ್ಕೂ ನೀರು ತುಂಬುತ್ತೆ, ಅವನನ್ನೂ ತಕ್ಷಣ ಕೆಳಗಿಳಿಸಬೇಕು.

ನಮ್ಮ ಟೀಮಲ್ಲಿ ಹೊರೋರಿಗೆ ಟೆಂಟ್ ಇದೆ, ಊಟ ಒಂದೇ ಕಿಚನ್‌ದು. ಇದನ್ನ ಜಂಬಕ್ಕೆ ಹೇಳ್ತಿಲ್ಲ. ಸರಿ, ಸ್ವಲ್ಪ ಜಂಬಕ್ಕೇ ಹೇಳ್ತಿದೀನಿ, ಎವರೆಸ್ಟ್ ಅಂತೂ ಇಲ್ಲ, ಇದಾದ್ರೂ ಇರಲಿ. ಆದ್ರೆ ಆ ಟೆಂಟ್‌ಗಳೂ ಹೊರೆನೇ, ಅದನ್ನ ಹೊರೋಕೂ ಜನ ಬೇಕು, ಆ ಜನಕ್ಕೂ ಅನ್ನ. ಕೊಟೇಶನ್ ಕೊಟ್ಟಾಗ ನಮ್ಮದು ಯಾವಾಗ್ಲೂ ಬೇರೆಯವರಿಗಿಂತ ಮೇಲೆ ನಿಲ್ಲುತ್ತೆ, ಟೀಮ್‌ಗಳು ಕಡಿಮೆ ಹೇಳಿದೋರ ಹತ್ರ ಹೋಗ್ತಾವೆ, ಹೋಗಿ ಬಂದು ನನ್ನ ಹತ್ರನೇ ಎವರೆಸ್ಟ್ ಆಯ್ತಾ ಅಂತ ಕೇಳ್ತಾವೆ.

ಹಂಗಾಗಿ ನೀವು ಮುಂದಿನ ಸೀಸನ್‌ಗೆ ಬರೋ ಪ್ಲಾನ್ ಇದ್ರೆ, ಎಕ್ಸ್‌ಪೆಡಿಷನ್ ಇರಲಿ, ನಿಮ್ಮ "ಬರೀ" ಟ್ರೆಕ್ ಇರಲಿ, ಅಡ್ವಾನ್ಸ್ ಹಾಕೋ ಮುಂಚೆ ಕರ್ಕೊಂಡು ಹೋಗೋರಿಗೆ ಫೋನ್ ಮಾಡಿ ಭಟ್ರ ಪ್ರಶ್ನೆ ಕೇಳಿ, ಹೊರೋರು ರಾತ್ರಿ ಎಲ್ಲಿ ಮಲಗ್ತಾರೆ ಅಂತ. "ಅವರಿಗೆಲ್ಲಾ ಅಭ್ಯಾಸ ಇದೆ ಸರ್" ಅಂತ ಉತ್ತರ ಬಂದ್ರೆ ಫೋನ್ ಇಟ್ಟು ಇನ್ನೊಬ್ಬರಿಗೆ ಮಾಡಿ. ಇನ್ನೊಬ್ಬರು ರೇಟ್ ಸ್ವಲ್ಪ ಜಾಸ್ತಿ ಹೇಳ್ತಾರೆ. ಆ ಜಾಸ್ತಿ ದುಡ್ಡು ಆ ಟೆಂಟಿಂದು, ಮತ್ತೆ ಆ ಏಳು ಜನರದು.