ಕಪ್ಪತಗುಡ್ಡ ಕಲಿಸಿದ ಛಾಯಾಗ್ರಹಣ

ಕಪ್ಪತಗುಡ್ಡಕ್ಕೆ ಮೊದಲ ಸಲ ಹೋದಾಗ ನಾನು ತೆಗೆದ ಇನ್ನೂರಕ್ಕೂ ಹೆಚ್ಚು ಚಿತ್ರಗಳು ಇಂದಿಗೂ ನನ್ನ ಬಳಿ ಇವೆ. ಅವುಗಳಲ್ಲಿ ಒಂದೂ ಇನ್ನೊಬ್ಬರಿಗೆ ತೋರಿಸುವ ಹಾಗಿಲ್ಲ. ಅದಕ್ಕೂ ಮೊದಲು ಕೊಡಚಾದ್ರಿ, ಕುದುರೆಮುಖ, ಮುಳ್ಳಯ್ಯನಗಿರಿಗಳನ್ನು ಹತ್ತಿಳಿದು, ಗದಗಿನ ಗೆಳೆಯರ ನಡುವೆ ಚಲೋ ಫೋಟೋ ತೆಗೆಯುವವನೆಂಬ ಸಣ್ಣ ಹೆಸರನ್ನೂ ಸಂಪಾದಿಸಿದ್ದ ನನಗೆ, ಮನೆಯಿಂದ ಬೈಕಿನಲ್ಲಿ ಮುಕ್ಕಾಲು ಗಂಟೆಯ ದಾರಿಯಲ್ಲಿರುವ ಗುಡ್ಡ ಹೀಗೆ ಕೈಕೊಟ್ಟದ್ದು ನಾಚಿಕೆಯ ಸಂಗತಿಯಾಗಿತ್ತು. ಎಪ್ಪತ್ತು ಗಿರಿ ನೋಡುವುದಕ್ಕಿಂತ ಕಪ್ಪತಗಿರಿ ನೋಡುವುದು ಲೇಸು ಎಂಬ ಮಾತು ನಮ್ಮ ಕಡೆ ಬಳಕೆಯಲ್ಲಿದೆ. ಆ ಮಾತನ್ನು ಕಟ್ಟಿದವರ ಕೈಯಲ್ಲಿ ಕ್ಯಾಮೆರಾ ಇರಲಿಲ್ಲ ಎಂದು ಅಂದು ಇಳಿಯುವಾಗ ಗೊಣಗಿಕೊಂಡಿದ್ದೆ.

ಮಲೆನಾಡಿನ ಬೆಟ್ಟಗಳಲ್ಲಿ ಛಾಯಾಗ್ರಾಹಕನ ಅರ್ಧ ಕೆಲಸವನ್ನು ಬೆಟ್ಟವೇ ಮಾಡಿಕೊಡುತ್ತದೆ. ಕಣಿವೆಯಿಂದ ಮಂಜು ತಾನಾಗಿ ಏಳುತ್ತದೆ, ಒಂದರ ಹಿಂದೊಂದು ಶ್ರೇಣಿ ತಿಳಿಯಾಗುತ್ತ ಹೋಗುತ್ತದೆ, ಶೋಲಾ ಕಾಡಿನ ಕಡುಹಸಿರು ಹುಲ್ಲುಗಾವಲಿನ ಎಳೆಹಸಿರಿಗೆ ಅಂಚು ಕಟ್ಟಿ ನಿಂತಿರುತ್ತದೆ. ವರ್ಷಕ್ಕೆ ಸುಮಾರು 600 ಮಿ.ಮೀ. ಮಳೆ ಕಾಣುವ ಗದಗ ಸೀಮೆಯ ಗುಡ್ಡದಿಂದ ಅಂಥ ಉಪಕಾರವನ್ನು ನಿರೀಕ್ಷಿಸುವಂತಿಲ್ಲ. ಬಿಂಕದಕಟ್ಟಿಯ ಬಳಿ ಆರಂಭವಾಗಿ, ಗದಗ, ಶಿರಹಟ್ಟಿ, ಮುಂಡರಗಿ ತಾಲ್ಲೂಕುಗಳನ್ನು ಹಾಯ್ದು, ತುಂಗಭದ್ರೆಯ ದಡದ ಸಿಂಗಟಾಲೂರಿನ ಕಡೆಗೆ 60 ಕಿ.ಮೀ.ಗೂ ಹೆಚ್ಚು ದೂರ ಚಾಚಿಕೊಂಡಿರುವ ಈ ಸಾಲಿನಲ್ಲಿ ಕುರುಚಲು ಗಿಡ, ಮುಳ್ಳಿನ ಪೊದೆ, ಎಲೆ ಉದುರಿಸುವ ಮರ ಮತ್ತು ಕಲ್ಲು ಇವೆ. ನನ್ನನ್ನು ಸೋಲಿಸಿದ್ದು ಮುಖ್ಯವಾಗಿ ಆ ಕಲ್ಲು.

ಗದಗಿನ ಶಿಲಾಪಟ್ಟಿ ಧಾರವಾಡ ಶಿಲಾಸಮೂಹಕ್ಕೆ ಸೇರಿದ್ದು. 250 ಕೋಟಿ ವರ್ಷಗಳಿಗೂ ಹಳೆಯದು. ಕಬ್ಬಿಣದ ಅಂಶ ತುಂಬಿದ ಪದರುಗಲ್ಲುಗಳು ಇಲ್ಲಿ ಹೇರಳವಾಗಿದ್ದು, ಮಳೆ ಬಿದ್ದಾಗ ಎಣ್ಣೆ ಸವರಿದ ಹಂಚಿನಂತೆ ಕಪ್ಪಗೆ ಮಿನುಗುತ್ತವೆ, ಒಣಗಿದಾಗ ತುಕ್ಕಿನ ಬಣ್ಣಕ್ಕೆ ತಿರುಗುತ್ತವೆ. ಕ್ಯಾಮೆರಾದ ಬೆಳಕಳೆಯುವ ವ್ಯವಸ್ಥೆಯಾದರೋ ಎದುರಿಗೆ ಕಂಡದ್ದನ್ನೆಲ್ಲ ನಡುವಣ ಬೂದುಬಣ್ಣಕ್ಕೆ ತರಲು ನೋಡುತ್ತದೆ. ಕಪ್ಪು ಬಂಡೆ ಚೌಕಟ್ಟನ್ನು ತುಂಬಿದರೆ ಬೆಳಕು ಸಾಲದೆಂದು ತಿಳಿದು ಒಳಬಿಡುವ ಬೆಳಕಿನ ಪ್ರಮಾಣವನ್ನು, ಅಂದರೆ ಎಕ್ಸ್‌ಪೋಷರನ್ನು ಏರಿಸುತ್ತದೆ. ಬಂಡೆ ಬೂದಿಯಂತಾಗುತ್ತದೆ, ಮೇಲಿನ ಆಕಾಶ ಸುಣ್ಣ ಬಳಿದಂತೆ ಬೆಳ್ಳಗಾಗುತ್ತದೆ. ನನ್ನ ಇನ್ನೂರು ಚಿತ್ರಗಳಿಗೂ ಆದದ್ದು ಇದೇ. ಈಗ ಬಂಡೆಯ ಮುಂದೆ ನಿಂತೊಡನೆ ಎಕ್ಸ್‌ಪೋಷರನ್ನು ಮುಕ್ಕಾಲು ಸ್ಟಾಪಿನಷ್ಟು (ಒಂದು ಸ್ಟಾಪ್ ಇಳಿಸಿದರೆ ಬೆಳಕು ಅರ್ಧವಾಗುತ್ತದೆ) ಇಳಿಸಿಕೊಳ್ಳುತ್ತೇನೆ; ಮೋಡ ಗುಡ್ಡವನ್ನು ಮುಚ್ಚಿದ ದಿನ ಬಿಳುಪು ಬೂದಾಗದಿರಲೆಂದು ಅಷ್ಟೇ ಏರಿಸುತ್ತೇನೆ. ಹೇಳಲು ಎರಡು ಸಾಲಿನ ಮಾತು, ಆದರೆ ಅದು ಕೈಗೆ ಹತ್ತಲು ನನಗೆ ಎರಡು ಮಳೆಗಾಲ ಬೇಕಾಯಿತು.

ಸಾಮಾನ್ಯವಾಗಿ ಡಂಬಳದ ಮೇಲೆ ಡೋಣಿ ಗ್ರಾಮಕ್ಕೆ ಹೋಗಿ ಅಲ್ಲಿಂದ ಗುಡ್ಡ ಸೇರುತ್ತೇನೆ. ಬಗಲಚೀಲದಲ್ಲಿ ಅವ್ವ ಕಟ್ಟಿಕೊಟ್ಟ ಕಟಕ ರೊಟ್ಟಿ, ಶೇಂಗಾ ಹಿಂಡಿ, ಎರಡು ಉಳ್ಳಾಗಡ್ಡಿ ಇರುತ್ತವೆ. (ಡಂಬಳದಲ್ಲಿ ಹನ್ನೆರಡನೆಯ ಶತಮಾನದ ದೊಡ್ಡಬಸಪ್ಪನ ಗುಡಿ ಇದೆ. ನಕ್ಷತ್ರದಾಕಾರದ ಅದರ ಗೋಡೆಯ ಮೂಲೆಮೂಲೆಗೂ ಬೇರೆ ಬೇರೆ ನೆರಳು ಬೀಳುವುದನ್ನು ನೋಡುತ್ತ ನಿಂತು, ಗುಡ್ಡಕ್ಕೆ ಹೋಗದೆ ಮರಳಿದ ದಿನಗಳೂ ಉಂಟು.) ಈಗ ಇದು ವನ್ಯಜೀವಿಧಾಮವಾದ್ದರಿಂದ ಅರಣ್ಯ ಇಲಾಖೆಯ ಅನುಮತಿ ಇಲ್ಲದೆ ಒಳಗೆ ಅಲೆಯುವಂತಿಲ್ಲ. ತೋಳ, ಕತ್ತೆಕಿರುಬ, ಚಿರತೆಗಳಿರುವ ಜಾಗದಲ್ಲಿ ನಸುಕಿನ ಕತ್ತಲಲ್ಲಿ ಏರಿ ಸೂರ್ಯೋದಯ ಹಿಡಿಯಬೇಕೆಂಬ ಆಸೆಯನ್ನು ನಾನು ಯಾವ ಬೇಸರವೂ ಇಲ್ಲದೆ ಬಿಟ್ಟಿದ್ದೇನೆ.

ಗುಡ್ಡದ ಮೇಲಿನ ಗಾಳಿಗುಂಡಿ ಬಸವಣ್ಣನ ನೆತ್ತಿಗೆ ಆ ಹೆಸರು ಏಕೆ ಬಂತೆಂಬುದನ್ನು ನಾನು ಸಾಕಷ್ಟು ಬೆಲೆ ತೆತ್ತು ತಿಳಿದುಕೊಂಡೆ. ಆಷಾಢದ ಒಂದು ಮುಂಜಾನೆ ಮೋಡಗಳು ತಲೆಯ ಮಟ್ಟದಲ್ಲೇ ಓಡುತ್ತಿದ್ದವು. ಟ್ರೈಪಾಡ್ ನಿಲ್ಲಿಸಿ, ಮಸೂರ ಒರೆಸುವ ಬಟ್ಟೆ ತೆಗೆಯಲೆಂದು ಚೀಲದ ಕಡೆಗೆ ತಿರುಗಿದ್ದಷ್ಟೇ, ಹಿಂದೆ ಸಪ್ಪಳವಾಯಿತು. ಕ್ಯಾಮೆರಾ ಉಳಿಯಿತು, ಎರಡು ತಿಂಗಳ ಉಳಿತಾಯದಲ್ಲಿ ಕೊಂಡ ಮಸೂರ ಉಳಿಯಲಿಲ್ಲ. ಅಂದಿನಿಂದ ಟ್ರೈಪಾಡಿನ ಕಾಲುಗಳನ್ನು ಪೂರ್ತಿ ಎಳೆಯುವುದನ್ನು ಬಿಟ್ಟು, ನಡುಗಂಬಕ್ಕೆ ಕಲ್ಲು ತುಂಬಿದ ಚೀಲ ಕಟ್ಟಿ, ನಾನೇ ಗಾಳಿಗೆ ಬೆನ್ನುಕೊಟ್ಟು ಕುಳಿತುಕೊಳ್ಳುತ್ತೇನೆ. ಹಾಗೆ ಕುಳಿತಾಗಲೇ ಈ ಗುಡ್ಡದಲ್ಲಿ ಚಿತ್ರಕ್ಕೆ ಸಿಗುವ ದೊಡ್ಡ ಸಂಗತಿ ಗಾಳಿ ಎಂಬುದು ನನಗೆ ಹೊಳೆದದ್ದು. ಮಳೆ ನಿಂತ ಮೇಲೆ, ಎದೆಯೆತ್ತರಕ್ಕೆ ಬೆಳೆದ ಬಾದೆ ಹುಲ್ಲು ಬಂಗಾರದ ಬಣ್ಣಕ್ಕೆ ತಿರುಗಿದಾಗ, ಇಳಿಬಿಸಿಲಿಗೆ ಮುಖಮಾಡಿ ಅರ್ಧ ಸೆಕೆಂಡಿನಷ್ಟು ಹೊತ್ತು ಶಟರನ್ನು ತೆರೆದಿಟ್ಟರೆ ಇಳಿಜಾರು ಪೂರ್ತಿ ಹೊಳೆಯಂತೆ ಹರಿಯುತ್ತದೆ, ಕಪ್ಪು ಬಂಡೆ ಮಾತ್ರ ಅದರ ನಡುವೆ ಅಲುಗದೆ ನಿಲ್ಲುತ್ತದೆ.

ಅದೇ ಗಾಳಿಗಾಗಿ ಗುಡ್ಡದ ಏಣುಗಳ ಮೇಲೆ ಬಿಳಿಯ ಗಾಳಿಯಂತ್ರಗಳು ಬಂದು ನಿಂತಿವೆ. ಚೌಕಟ್ಟಿನಿಂದ ಅವನ್ನು ಹೊರಗಿಡಲು ಮೊದಮೊದಲು ಬಹಳ ಹೆಣಗುತ್ತಿದ್ದೆ. ಅವಿಲ್ಲದ ಕಪ್ಪತಗುಡ್ಡವನ್ನು ತೋರಿಸುವುದು ಸುಳ್ಳು ಹೇಳಿದಂತೆ ಎನಿಸಿದ ಮೇಲೆ ಆ ಕಸರತ್ತು ನಿಂತಿತು. ಗುಡ್ಡದ ಒಡಲಲ್ಲಿ ಕಬ್ಬಿಣವೂ ಚಿನ್ನವೂ ಇರುವುದರಿಂದ ಅದರ ಮೇಲೆ ಕಣ್ಣಿಟ್ಟವರು ಹಲವರು. 2015ರಲ್ಲಿ ಸಂರಕ್ಷಿತ ಮೀಸಲು ಪ್ರದೇಶವೆಂದು ಘೋಷಿತವಾದದ್ದು 2016ರಲ್ಲಿ ರದ್ದಾಯಿತು; ತೋಂಟದ ಸಿದ್ಧಲಿಂಗ ಸ್ವಾಮೀಜಿಯವರ ಮುಂದಾಳತ್ವದಲ್ಲಿ ಜನ ಗದಗಿನಲ್ಲಿ ಧರಣಿ ಕುಳಿತ ಬಳಿಕ 2017ರಲ್ಲಿ ಆ ಸ್ಥಾನ ಮರಳಿ, 2019ರಲ್ಲಿ 244 ಚದರ ಕಿ.ಮೀ. ಪ್ರದೇಶ ವನ್ಯಜೀವಿಧಾಮವಾಯಿತು. ಬೇಸಿಗೆಯ ಬೆಂಕಿಗೆ ಈ ಆದೇಶಗಳ ಅರಿವಿಲ್ಲ. ಬಂಗಾರದ ಹೊಳೆಯಂತೆ ಕಂಡ ಅದೇ ಒಣಹುಲ್ಲು ಒಂದು ಕಿಡಿಗೆ ಹತ್ತಿಕೊಂಡು, ಇಡೀ ಮಗ್ಗುಲು ಕರಿ ಕಂಬಳಿ ಹೊದ್ದಂತಾಗುತ್ತದೆ. ನಾನು ಪ್ರತಿಸಲ ನಿಲ್ಲುವ ಬಂಡೆಯ ಬಳಿಯಿಂದ ಹಸಿರು, ಬಂಗಾರ, ಕರಿ ಮೂರನ್ನೂ ತೆಗೆದಿದ್ದೇನೆ. ಮೂರನ್ನೂ ಒಟ್ಟಿಗೆ ನೋಡಿದವರು ಒಂದೇ ಜಾಗವೆಂದು ನಂಬುವುದಿಲ್ಲ.

ಹೋದ ವರ್ಷ ಗುಡ್ಡದ ಬುಡದ ಹೊಲಗಳ ಬದುವಿನಲ್ಲಿ ಹೀಗೇ ಕಾಯುತ್ತ ಕುಳಿತಿದ್ದಾಗ ಕುರಿ ಕಾಯುವ ಹಿರಿಯರೊಬ್ಬರು ಪಕ್ಕದಲ್ಲಿ ಬಂದು ನಿಂತರು. "ಆಗಿಂದ ನೋಡಾಕತ್ತೀನಿ, ಬರೇ ಕಲ್ಲಿಂದ ತೆಗೀತೀರಲ್ರೀ ಸರ? ನಮ್ಮ ಕುರಿದೊಂದು ತೆಗೀರಿ" ಎಂದರು. ತೆಗೆದೆ. ಹಿಂದೆ ಕಪ್ಪತಗುಡ್ಡ ಪೂರ್ತಿ ನೀಲಿಯಾಗಿ ಹಬ್ಬಿತ್ತು, ಮುಂದೆ ಕುರಿಗಳೆಬ್ಬಿಸಿದ ಧೂಳಿನಲ್ಲಿ ಬಿಸಿಲು ಸಿಕ್ಕಿಕೊಂಡಿತ್ತು; ನನ್ನ ಚಿತ್ರಗಳಲ್ಲಿ ಇದಕ್ಕಿಂತ ಮೇಲಾದದ್ದು ಇನ್ನೂ ಬಂದಿಲ್ಲ. ಮುಂದಿನ ಸಲ ಹೋಗುವಾಗ ದೊಡ್ಡದಾಗಿ ಮುದ್ರಿಸಿ ಒಯ್ದು ಅವರ ಕೈಗಿತ್ತೆ. ಅವರು ಅದನ್ನು ಬಿಸಿಲಿಗೆ ಹಿಡಿದು, ಬೆರಳಿಡುತ್ತ ಬಹಳ ಹೊತ್ತು ನೋಡಿದರು. ಗುಡ್ಡದ ಬಗ್ಗೆ ಏನಾದರೂ ಅಂದಾರೆಂದು ನಾನು ಕಾದೆ. "ಚಲೋ ಬಂದೈತ್ರಿ," ಎಂದು ಚಿತ್ರವನ್ನು ಸುರುಳಿ ಸುತ್ತುತ್ತ ಹೇಳಿದರು, "ಎರಡು ಕುರಿ ಕಮ್ಮಿ ಅದಾವು."