ರಗ್ಗು ಹೊದಿಸಿದ ತಪ್ಪು, ಹೊದಿಸದ ತಪ್ಪು

ಆರಿದ್ರಾ ಮಳೆ ಹಿಡಿದು ನಾಲ್ಕನೆಯ ದಿನ. ಜಗಲಿಯಲ್ಲಿ ಕುಳಿತು ಕಷಾಯ ಕುಡಿಯುತ್ತಿದ್ದ ಅತಿಥಿಗಳಿಗೆ ಎದುರಿನ ಬೇಣದಲ್ಲಿ, ಅಂದರೆ ಹುಲ್ಲುಗಾವಲಿನಲ್ಲಿ, ನಿಂತಿದ್ದ ರಾಣಿ ಕಂಡಳು. ಗಾಳಿಗೆ ಬೆನ್ನು ಕೊಟ್ಟು, ತಲೆ ತಗ್ಗಿಸಿ, ಬಾಲವನ್ನು ಕಾಲುಗಳ ನಡುವೆ ಒತ್ತಿಕೊಂಡು ನಿಂತಿದ್ದಳು. ಹೊಟ್ಟೆಯ ಕೆಳಗಿಂದ ನೀರು ತೊಟ್ಟಿಕ್ಕುತ್ತಿತ್ತು. ಇಪ್ಪತ್ತು ಮಾರು ದೂರದಲ್ಲಿ ಲಾಯದ ಬಾಗಿಲು ತೆರೆದೇ ಇತ್ತು. "ಪಾಪ, ಕುದುರೆಗೆ ಚಳಿ" ಎಂದು ಒಬ್ಬರು ಫೋಟೊ ತೆಗೆದರು. ಅದು ಬೆಂಗಳೂರಿನಲ್ಲಿರುವ ನಮ್ಮ ಮಾಲೀಕರಿಗೆ ಹತ್ತೇ ನಿಮಿಷದಲ್ಲಿ ತಲುಪಿತು. ಮಳೆಗಾಲದಲ್ಲಿ ನಮ್ಮಲ್ಲಿ ನೆಟ್‌ವರ್ಕ್ ಸಿಗುವುದು ಇಂಥದ್ದಕ್ಕೇ.

"ಅಷ್ಟು ದುಡ್ಡು ಕೊಟ್ಟು ರಗ್ಗು ತರಿಸಿದ್ದು ಗೋಡೆಗೆ ನೇತುಹಾಕಲಿಕ್ಕಾ?" ಎಂದು ಕೇಳಿದರು.

"ಈಗಲೇ ಹೊದಿಸುತ್ತೇನೆ ಸಾರ್" ಎಂದೆ. ಹೊದಿಸಿಯೂ ಬಿಟ್ಟೆ.

ಶಿರಸಿ ಸೀಮೆಯ ಒಂದು ಹೋಮ್‌ಸ್ಟೇಯಲ್ಲಿ ನಾನು ಕುದುರೆ ನೋಡಿಕೊಳ್ಳುತ್ತೇನೆ. ನಾಲ್ಕು ಕುದುರೆಗಳಿವೆ. ಈ ಕೆಲಸಕ್ಕೆ ಬರುವ ಮೊದಲು ನನಗೆ ಗೊತ್ತಿದ್ದದ್ದು ಎಮ್ಮೆ, ದನ ಮತ್ತು ನಮ್ಮ ಮನೆಯ ಕೊಟ್ಟಿಗೆ. ಹುಲ್ಲು ತಿನ್ನುವ ಪ್ರಾಣಿ ತಾನೇ, ಅದರಲ್ಲೇನು ಕಲಿಯುವುದಿದೆ ಎಂದುಕೊಂಡು ಸೇರಿದವನು ನಾನು. ಕೊಟ್ಟಿಗೆಯ ಅನುಭವ ಅರ್ಧ ಕೆಲಸಕ್ಕೆ ಬಂತು. ಉಳಿದ ಅರ್ಧವನ್ನು ಕುದುರೆಗಳ ಮೈಮೇಲೆ ಕಲಿತೆ. ಪಾಪ, ಅವುಗಳ ಖರ್ಚಿನಲ್ಲಿ.

ಮಾಲೀಕರು ತರಿಸಿದ್ದ ರಗ್ಗುಗಳು ಎರಡು. ಒಂದು ತೆಳ್ಳಗಿನದು, ಒಳಗೆ ಏನೂ ತುಂಬಿಲ್ಲದ, ನೀರು ತಡೆಯುವ ಬಟ್ಟೆ. ಇನ್ನೊಂದು ನಮ್ಮ ಹಾಸಿಗೆಯಷ್ಟು ದಪ್ಪ. ಅದರ ಚೀಟಿಯಲ್ಲಿ 200 ಗ್ರಾಂ ಎಂದಿತ್ತು. ಇಡೀ ರಗ್ಗಿನ ತೂಕವೇ ಇಷ್ಟಾ ಎಂದು ಎತ್ತಿ ನೋಡಿ ನಕ್ಕಿದ್ದೆ. ಅದು ಒಂದು ಚದರ ಮೀಟರಿಗೆ ಒಳಗೆ ತುಂಬಿದ ಪದರದ ತೂಕವಂತೆ. ಮೇಲ್ಬಟ್ಟೆಯ ದಾರದ ದಪ್ಪಕ್ಕೆ ಡೀನಿಯರ್ ಎಂಬ ಬೇರೆ ಲೆಕ್ಕ; ಅದು ಹೆಚ್ಚಿದ್ದರೆ ಬೇಲಿಗೆ ಸಿಕ್ಕರೂ ಬೇಗ ಹರಿಯುವುದಿಲ್ಲ ಎಂದು ಅರ್ಥ, ಬೆಚ್ಚಗಿರುತ್ತದೆ ಎಂದಲ್ಲ. ಇದೆಲ್ಲ ಆಮೇಲೆ ತಿಳಿದದ್ದು. ಆ ದಿನ ದಪ್ಪನೆಯದೇ ಒಳ್ಳೆಯದು ಎಂದು ನೆನೆದ ರಾಣಿಯನ್ನು ಎಳೆದು ತಂದು, ಮೈ ಒರೆಸುವ ಗೋಜಿಗೂ ಹೋಗದೆ, ದಪ್ಪ ರಗ್ಗು ಹೊದಿಸಿ ಮೂರೂ ಪಟ್ಟಿಗಳನ್ನು ಬಿಗಿದೆ. ಲಾಯದ ಗೋಡೆಯ ಥರ್ಮಾಮೀಟರ್ ಆಗ 21 ಡಿಗ್ರಿ ತೋರಿಸುತ್ತಿತ್ತು. ನನ್ನ ತಲೆಯ ಮೇಲೆ ಉಣ್ಣೆಯ ಟೋಪಿ ಇತ್ತು, ಕುತ್ತಿಗೆಗೆ ಮಫ್ಲರ್ ಇತ್ತು. ನನಗೆ ಚಳಿಯಾಗುತ್ತಿತ್ತಲ್ಲ, ಅದೇ ನನಗಿದ್ದ ಪುರಾವೆ.

ಮೂರನೆಯ ದಿನ ರಗ್ಗು ತೆಗೆದಾಗ ಭತ್ತ ಬೇಯಿಸುವ ಹಂಡೆಯ ಮುಚ್ಚಳ ಎತ್ತಿದ ಹಾಗೆ ಹಬೆ ಎದ್ದಿತು. ಬೆನ್ನಿನ ರೋಮವೆಲ್ಲ ಬೆವರಿನಲ್ಲಿ ನೆನೆದು ಚಪ್ಪಟೆಯಾಗಿತ್ತು. ಹೊರಗಿನ ಮಳೆ ತಡೆದೆ ಎಂದುಕೊಂಡವನು ಒಳಗೇ ಮಳೆ ಸುರಿಸಿದ್ದೆ. ಇನ್ನೂ ಒಂದು ವಾರ ಕಳೆಯುವಷ್ಟರಲ್ಲಿ ಬೆನ್ನಿನುದ್ದಕ್ಕೂ ಸಣ್ಣ ಗಂಟುಗಳು ಕೈಗೆ ತಾಗತೊಡಗಿದವು. ಒಂದನ್ನು ಉಗುರಿನಿಂದ ಎಬ್ಬಿಸಿದೆ. ಬುಡದಲ್ಲಿ ಹಕ್ಕಳೆ, ಮೇಲೆ ರೋಮದ ಕುಚ್ಚು; ಮಣ್ಣುಸಮೇತ ಕಿತ್ತ ಭತ್ತದ ಸಸಿಯ ಹಾಗೆ ಕೈಗೆ ಬಂತು. ಕೆಳಗೆ ಹಸಿ ಗಾಯ. ರಾಣಿ ಕಾಲು ಎತ್ತಿ ಝಾಡಿಸಿದಳು.

ಪಶುವೈದ್ಯರು ನೋಡಿದ ಕೂಡಲೇ ಹೇಳಿದರು, "ಇದು ಮಳೆಹುಣ್ಣು. ಡರ್ಮಟೋಫೈಲಸ್ ಎಂಬ ಬ್ಯಾಕ್ಟೀರಿಯಾ. ದನಕ್ಕೂ ಬರುತ್ತದೆ. ಚರ್ಮ ಬಹಳ ಹೊತ್ತು ಒದ್ದೆಯಾಗಿದ್ದರೆ ಒಳಗೆ ಇಳಿಯುತ್ತದೆ. ಒದ್ದೆ ಮೈಗೆ ರಗ್ಗು ಹೊದಿಸಿದವರು ಯಾರು?" ನಾನು ಮಾತಾಡಲಿಲ್ಲ. ಕ್ಲೋರ್‌ಹೆಕ್ಸಿಡಿನ್ ದ್ರಾವಣದಲ್ಲಿ ತೊಳೆದು, ಮೆತ್ತಗಾದ ಹಕ್ಕಳೆಗಳನ್ನು ಮಾತ್ರ ತೆಗೆದು, ಪೂರ್ತಿ ಒಣಗಿಸಬೇಕು ಎಂದರು. ಅವಳ ಬ್ರಷ್, ಜೀನಿನ ಕೆಳಗಿನ ಬಟ್ಟೆ, ರಗ್ಗು ಯಾವುದನ್ನೂ ಬೇರೆ ಕುದುರೆಗೆ ಬಳಸಬಾರದು ಎಂದೂ ಹೇಳಿದರು. ಶಿರಸಿಯ ಜುಲೈ ತಿಂಗಳಲ್ಲಿ 'ಪೂರ್ತಿ ಒಣಗಿಸಿ' ಎನ್ನುವುದು ಹೇಳಲಿಕ್ಕೆ ಸುಲಭ. ನಮ್ಮ ಒಳಅಂಗಿಗಳನ್ನೇ ಒಲೆಯ ಮೇಲೆ ಒಣಗಿಸುವ ಕಾಲ ಅದು.

ಹೋಗುವ ಮುಂಚೆ ಅವರು ನನ್ನ ಕೈ ಹಿಡಿದು ಇನ್ನೊಂದು ಕುದುರೆಯ ಬಳಿ ಕರೆದೊಯ್ದರು. ಅದು ಆಗಷ್ಟೇ ಮಳೆಯಿಂದ ಒಳಗೆ ಬಂದಿತ್ತು. ರೋಮದ ಒಳಕ್ಕೆ ಬೆರಳು ತೂರಿಸಲು ಹೇಳಿದರು. ಮೇಲೆ ನೀರು, ನಡುವೆ ತೇವ, ಬುಡದಲ್ಲಿ ಒಣಗಿದ ಬೆಚ್ಚನೆಯ ಚರ್ಮ. ನಮ್ಮ ಹಳೆಯ ಹುಲ್ಲುಮಾಡಿನ ಸೂರೂ ಹೀಗೆಯೇ ತಾನೇ ಕೆಲಸ ಮಾಡುತ್ತಿದ್ದದ್ದು? ಮೇಲಿನ ಪದರ ನೆನೆದು ನೀರನ್ನು ಜಾರಿಸುತ್ತಿತ್ತು, ಒಳಗಿನದು ಒಣಗಿರುತ್ತಿತ್ತು. ಚಳಿಯಾದರೆ ಕುದುರೆಯ ರೋಮ ನೆಟ್ಟಗೆ ನಿಂತು ನಡುವೆ ಗಾಳಿಯನ್ನು ಹಿಡಿದಿಡುತ್ತದೆ. ಆ ಗಾಳಿಯೇ ಅದರ ಕಂಬಳಿ. ಮೇಲಿಂದ ಭಾರದ ರಗ್ಗು ಹಾಕಿ ರೋಮವನ್ನು ಒತ್ತಿದರೆ ದೇವರು ಕೊಟ್ಟ ಕಂಬಳಿಯನ್ನು ಕಿತ್ತುಕೊಂಡು ಬೇರೆಯದನ್ನು ಕೊಟ್ಟಂತೆ. ಕೊಟ್ಟದ್ದು ಅದಕ್ಕಿಂತ ಒಳ್ಳೆಯದಾಗಿರಬೇಕು, ಇಲ್ಲವಾದರೆ ಸುಮ್ಮನಿರಬೇಕು.

ಅವರು ಹೇಳಿದ ಅಂಕಿ ನನ್ನ ತಲೆಯಲ್ಲಿ ಉಳಿದಿದೆ. ಒಣಗಿರುವ, ಹೊಟ್ಟೆ ತುಂಬಿದ, ಆರೋಗ್ಯವಾಗಿರುವ, ಪೂರ್ತಿ ಬೆಳೆದ ಕುದುರೆ ಸುಮಾರು 5 ಡಿಗ್ರಿಯಿಂದ 25 ಡಿಗ್ರಿಯವರೆಗೆ ಮೈಯ ಶಾಖ ಕಾಯ್ದುಕೊಳ್ಳಲು ಹೆಚ್ಚು ಕಷ್ಟಪಡುವುದಿಲ್ಲ. ನಮ್ಮ ಘಟ್ಟದ ಮೇಲಿನ ಮಳೆಗಾಲ ಇಪ್ಪತ್ತರ ಆಸುಪಾಸಿನದು. ಮನುಷ್ಯರಿಗೆ ಮಫ್ಲರ್ ಬೇಕಾದ ಹೊತ್ತಿಗೆ ರಾಣಿ ಆರಾಮವಾಗಿದ್ದಳು. ಮಾಲೀಕರು ನೋಡುವ ವಿಡಿಯೊಗಳು ಇಂಗ್ಲೆಂಡಿನವು. ಅಲ್ಲಿ ಬೇಸಿಗೆಯ ಹಗಲಿಗೂ ಚಳಿಗಾಲದ ಹಗಲಿಗೂ ಎಂಟು ಗಂಟೆಗೂ ಹೆಚ್ಚಿನ ಅಂತರ, ನಮ್ಮಲ್ಲಿ ಎರಡು ಗಂಟೆಯೂ ಇಲ್ಲ. ಕುದುರೆಯ ಮೈ ರೋಮ ಬೆಳೆಸುವುದು ಮುಖ್ಯವಾಗಿ ಹಗಲಿನ ಉದ್ದ ನೋಡಿ. ಹಾಗಾಗಿ ಅಲ್ಲಿಯ ಕುದುರೆಯ ಲೆಕ್ಕ ಇಲ್ಲಿ ಹೊಂದುವುದಿಲ್ಲ; ಚಳಿಯ ಕಡೆಯಿಂದಲೂ ಇಲ್ಲ, ರೋಮದ ಕಡೆಯಿಂದಲೂ ಇಲ್ಲ.

ಇಷ್ಟಕ್ಕೆ ಬುದ್ಧಿ ಬಂದಿದ್ದರೆ ಈ ಕಥೆ ಇಲ್ಲಿಗೆ ಮುಗಿಯುತ್ತಿತ್ತು. ಆದರೆ ನಾನು ಎರಡೂ ರಗ್ಗುಗಳನ್ನು ಅಟ್ಟಕ್ಕೆ ಎಸೆದು, ರಗ್ಗು ಎಂದರೆ ಬೆಂಗಳೂರಿನವರ ಶೋಕಿ ಎಂದು ಎಲ್ಲರೆದುರು ಸಾರಿಕೊಂಡು ಓಡಾಡಿದೆ. ತಪ್ಪು ಮಾಡಿ ಬೈಸಿಕೊಂಡವನ ಹುಮ್ಮಸ್ಸು ಬಹಳ ಅಪಾಯದ್ದು.

ಮರುವರ್ಷ ಪುಷ್ಯ ಮಳೆಯಲ್ಲಿ ಬಾದಲನ ಸರದಿ ಬಂತು. ಬಾದಲ್ ರೇಸಿನಿಂದ ನಿವೃತ್ತನಾದ, ಥರೋಬ್ರೆಡ್ ಎಂಬ ಓಟದ ತಳಿಯ ಕುದುರೆ. ಎತ್ತರದ, ತೆಳು ಚರ್ಮದ, ರೇಷ್ಮೆಯಂಥ ಮೈಯ ಮುದುಕ. ರಾಣಿ ಗಿಡ್ಡ, ದುಂಡು, ಗುಡ್ಡಗಾಡಿನ ತಳಿಯ ರಕ್ತದವಳು. ಇಬ್ಬರನ್ನೂ 'ಕುದುರೆ' ಎಂಬ ಒಂದೇ ಪದದಲ್ಲಿ ಕಟ್ಟಿಹಾಕಿದ್ದೇ ನನ್ನ ಎರಡನೆಯ ತಪ್ಪಿನ ಬುಡ. (ವಿಜಯನಗರದ ಕಾಲದಲ್ಲಿ ಅರಬ್ಬೀ ಕುದುರೆಗಳು ನಮ್ಮದೇ ಭಟ್ಕಳದ ಬಂದರಿನಲ್ಲಿ ಇಳಿದು ಘಟ್ಟ ಹತ್ತುತ್ತಿದ್ದವು. ಮುಂಗಾರಿನಲ್ಲಿ ಆ ಹಡಗುಗಳು ಬರುತ್ತಿರಲಿಲ್ಲ ಎನ್ನುವುದನ್ನು ಓದಿದಾಗ ನನಗೆ ಬಾದಲನ ನೆನಪಾಗಿ ಸಮಾಧಾನವಾಯಿತು. ಮರಳುನಾಡಿನ ಪ್ರಾಣಿಗೆ ಕೊನೆಯ ಪಕ್ಷ ಮೊದಲ ದಿನವೇ ನಮ್ಮ ಜುಲೈಯ ದರ್ಶನ ಆಗುತ್ತಿರಲಿಲ್ಲ.)

ಮೂರು ದಿನ ಪಡುವಣ ಗಾಳಿ ಬಿಡದೆ ಬೀಸಿತು. ಲಾಯದ ಆ ಬದಿಯ ತಗಡು ಹಾರಿಹೋಗಿತ್ತು. ಎರಚಲು ನೇರ ಬಾದಲನ ಮೈಗೆ ಹೊಡೆಯುತ್ತಿತ್ತು. ನಾನು ಕಿವಿ ಮುಟ್ಟಿ ನೋಡಿದೆ, ತಣ್ಣಗಿತ್ತು. ಕಿವಿ ತಣ್ಣಗಿದ್ದರೆ ಅದೊಂದರಿಂದಲೇ ಏನೂ ಗೊತ್ತಾಗುವುದಿಲ್ಲ ಎಂದು ಹಿಂದಿನ ವರ್ಷ ಕಲಿತಿದ್ದೆನಲ್ಲ, ಆ ಪಾಂಡಿತ್ಯದಲ್ಲಿ ಮುಂದೆ ನಡೆದೆ. ಮುಂಗಾಲಿನ ಸಂದಿಗೆ, ಎದೆಗೆ ಕೈ ಹಾಕಿ ನೋಡಬೇಕಿತ್ತು. ನೋಡಲಿಲ್ಲ. ನಾಲ್ಕನೆಯ ಬೆಳಿಗ್ಗೆ ಅವನು ತೊಡೆಯಿಂದ ಕುತ್ತಿಗೆಯವರೆಗೆ ನಡುಗುತ್ತಿದ್ದ. ಸ್ವಲ್ಪ ನಡುಗುವುದು ಮೈ ತಾನೇ ಶಾಖ ಹುಟ್ಟಿಸುವ ಉಪಾಯ. ಇದು ಅಂಥದ್ದಾಗಿರಲಿಲ್ಲ. ಬಕೆಟ್ ಸದ್ದಿಗೂ ತಲೆ ಎತ್ತಲಿಲ್ಲ. ಗುದದ್ವಾರದಲ್ಲಿ ಥರ್ಮಾಮೀಟರ್ ಇಟ್ಟರೆ 37ಕ್ಕಿಂತ ಕೆಳಗೆ. ಕುದುರೆಗೆ ಅದು 37.5ರಿಂದ 38.5ರ ನಡುವೆ ಇರಬೇಕು.

ಪಶುವೈದ್ಯರು ದೂರದಲ್ಲಿದ್ದರು, ಫೋನಿನಲ್ಲೇ ನಡೆಸಿದರು. ಬಾದಲನನ್ನು ಗಾಳಿ ತಾಗದ ಮೂಲೆಗೆ ತಂದೆ. ಅಡಿಕೆ ಹಾಳೆಯ ಅಂಚಿನಿಂದ ಮೈಮೇಲಿನ ನೀರನ್ನು ಕೆಳಮುಖವಾಗಿ ಕೆರೆದು ಇಳಿಸಿದೆ, ಗೋಣಿಯಿಂದ ತಿಕ್ಕಿದೆ. ಅಷ್ಟರಲ್ಲಿ ನಮ್ಮಲ್ಲಿ ಅಡಿಕೆ ಕೆಲಸಕ್ಕೆ ಬರುವ ಹಿರಿಯರೊಬ್ಬರು ಒಳಗೆ ಬಂದರು. "ತಮಾ, ಹಸಿ ಮೈಗೆ ನೇರ ಬಟ್ಟೆ ಹಾಕಬೇಡ. ಮೊದಲು ಒಣಹುಲ್ಲು ಹಾಸು, ಅದರ ಮೇಲೆ ಗೋಣಿ ಕಟ್ಟು. ಮಳೆಯಲ್ಲಿ ಹುಟ್ಟಿದ ಕರುವಿಗೆ ನಾವು ಹಾಗೆಯೇ ಮಾಡುವುದು" ಎಂದರು. ಬೆನ್ನಿನ ಮೇಲೆ ಒಂದು ಗೇಣು ದಪ್ಪ ಹುಲ್ಲು ಹರಡಿ, ನಾಲ್ಕು ಗೋಣಿಗಳನ್ನು ಹೊಲಿದು ಮೇಲೆ ಹೊದಿಸಿದೆವು. ಎರಡು ಗಂಟೆಯ ಮೇಲೆ ನೋಡಿದರೆ ಗೋಣಿಯ ಹೊರಮೈಯಲ್ಲಿ ಇಬ್ಬನಿಯಂತೆ ಹನಿ ಕಟ್ಟಿತ್ತು, ಹುಲ್ಲಿನ ಕೆಳಗಿನ ರೋಮ ಒಣಗಿತ್ತು. ಮೈಯ ಶಾಖಕ್ಕೆ ತೇವವು ಆವಿಯಾಗಿ ಹುಲ್ಲಿನ ಸಂದಿಯಿಂದ ಹೊರಗೆ ಹೋಗಿತ್ತು. ಕುದುರೆಯ ಲಾಯಗಳಲ್ಲಿಯೂ ಇದು ಹಳೆಯ ಪದ್ಧತಿಯೇ ಎಂದು ಪಶುವೈದ್ಯರು ಆಮೇಲೆ ಹೇಳಿದರು. ಸಾವಿರಾರು ರೂಪಾಯಿಯ ರಗ್ಗು ಅಟ್ಟದ ಮೇಲಿತ್ತು, ಕೆಲಸ ಮಾಡಿದ್ದು ಅಡಿಕೆ ತುಂಬುವ ಗೋಣಿ.

ನಡುಕ ನಿಂತಿತು. ಆದರೆ ಆ ದಿನ ನನ್ನನ್ನು ತಟ್ಟಿದ ವಿಷಯ ಬೇರೆ. ಮಾಲೀಕರು "ಹುರುಳಿ ಬೇಯಿಸಿ ಜಾಸ್ತಿ ಕೊಡು, ಉಷ್ಣ" ಎಂದಿದ್ದರು. ಪಶುವೈದ್ಯರು ಬೇಡ ಎಂದರು, ಹುಲ್ಲನ್ನೇ ಹೆಚ್ಚಿಸಲು ಹೇಳಿದರು. ಕುದುರೆಯ ದೊಡ್ಡ ಕರುಳಿನಲ್ಲಿ ಸೂಕ್ಷ್ಮಜೀವಿಗಳು ನಾರನ್ನು ಹುಳಿಸುವಾಗ ಶಾಖ ಹುಟ್ಟುತ್ತದೆ. ನಮ್ಮ ಗೊಬ್ಬರದ ಗುಂಡಿಗೆ ಕೈ ಹಾಕಿದರೆ ಬಿಸಿ ತಾಗುವುದಿಲ್ಲವೇ, ಹಾಗೆ. ಕಾಳು ಬೇಗ ಜೀರ್ಣವಾಗಿ ಮುಗಿಯುತ್ತದೆ. ಹುಲ್ಲು ಗಂಟೆಗಟ್ಟಲೆ ಒಳಗೆ ಉರಿಯುತ್ತದೆ. 400 ಕಿಲೋ ತೂಗುವ ಕುದುರೆಗೆ ದಿನಕ್ಕೆ ಆರರಿಂದ ಎಂಟು ಕಿಲೋ ಒಣಹುಲ್ಲು ಬೇಕು, ಚಳಿಯ ದಿನ ಇನ್ನೂ ಸ್ವಲ್ಪ.

"ಹುಲ್ಲು ತಿನ್ನುತ್ತಾನಾ?" ಎಂದು ಅವರು ಕೇಳಿದಾಗ "ತಿನ್ನುತ್ತಾನೆ, ಆದರೆ ಸ್ವಲ್ಪ ಉಗುಳುತ್ತಾನೆ" ಎಂದೆ. ಫೋನಿನ ಆ ಕಡೆ ಒಂದು ಗಳಿಗೆ ಮೌನ. ತಿಂಗಳಿನಿಂದ ನಾನು ಬಾದಲನ ಗೋದಲಿಯ ಕೆಳಗೆ, ಜಗಿದು ಉಗುಳಿದ ಕವಳದಂಥ ಹುಲ್ಲಿನ ಉಂಡೆಗಳನ್ನು ದಿನವೂ ಗುಡಿಸಿ ಬಿಸಾಡುತ್ತಿದ್ದೆ. ಮುದುಕನಿಗೆ ನಖರೆ ಹೆಚ್ಚಾಯಿತು ಎಂದುಕೊಂಡಿದ್ದೆ. ಅವನ ದವಡೆ ಹಲ್ಲು ಸವೆದು ಅಂಚು ಚೂಪಾಗಿ ಕೆನ್ನೆಯನ್ನು ಕೊಯ್ಯುತ್ತಿದ್ದವು. ಅಗಿಯಲಾಗದೆ ಉಗುಳುತ್ತಿದ್ದ. ನಾರು ಹೊಟ್ಟೆಗೆ ಹೋಗದಿದ್ದರೆ ಒಲೆಯಲ್ಲಿ ಸೌದೆಯೇ ಇಲ್ಲ. ಬಾದಲನಿಗೆ ಚಳಿ ಹತ್ತಿದ್ದು ಹಲ್ಲಿನಿಂದ. ಪುರಾವೆ ದಿನವೂ ನನ್ನ ಹಿಡಿಸೂಡಿಯ ತುದಿಯಲ್ಲಿತ್ತು.

ಹಲ್ಲು ಅರದಿಂದ ತಿಕ್ಕಿಸಿದೆವು. ಈಗ ಅವನಿಗೆ ಬೇಣದ ಕರಡವನ್ನು (ಒಣಗಿದ ಹುಲ್ಲನ್ನು) ಸಣ್ಣಗೆ ಕತ್ತರಿಸಿ, ನೆನೆಸಿ ಕೊಡುತ್ತೇವೆ. ಮಳೆಗಾಲಕ್ಕೆ ಮುಂಚೆ ಬಾಯಿ ತೆರೆಸಿ ನೋಡುವುದು ಲಾಯದ ತಗಡು ಸರಿಪಡಿಸುವುದರ ಜೊತೆಗೆ ಸೇರಿಕೊಂಡಿದೆ.

ರಗ್ಗಿನ ವಿಷಯದಲ್ಲಿ ನಾನು ಈಗ ಮಾಡುವುದು ಇಷ್ಟು. ಬರೀ ಚಳಿಯೋ ಬರೀ ಮಳೆಯೋ ಆದರೆ ರಾಣಿಗೂ ಉಳಿದಿಬ್ಬರಿಗೂ ಏನೂ ಇಲ್ಲ, ಸೂರು ಮತ್ತು ಹುಲ್ಲು ಸಾಕು. ಸೂರಿನೊಳಗೆ ಬರುವುದು ಬಿಡುವುದು ಅವರ ಇಷ್ಟ; ಒಳಗೆ ಉಂಬಳ (ಜಿಗಣೆ) ಕಡಿಮೆ ಎಂದು ನಾನು ಎಷ್ಟು ಹೇಳಿದರೂ ರಾಣಿ ಹೊರಗೇ ನಿಲ್ಲುತ್ತಾಳೆ. ಬಾದಲನಿಗೆ ಗಾಳಿ ಮತ್ತು ಎರಚಲು ಒಟ್ಟಿಗೆ ಬಂದ ರಾತ್ರಿ, ಮೈ ಒಣಗಿದ ಮೇಲೆ, ತೆಳು ರಗ್ಗು. ಬೆಳಿಗ್ಗೆ ಮಳೆ ಬಿಟ್ಟಿರಲಿ ಬಿಡದಿರಲಿ ಅದನ್ನು ತೆಗೆದು, ಕುತ್ತಿಗೆ ಮುಗಿದು ಬೆನ್ನು ಶುರುವಾಗುವಲ್ಲಿ ಅಂಗೈ ಇಡುತ್ತೇನೆ. ಅಂಟಂಟಾದರೆ ಆ ರಾತ್ರಿ ಹಾಕಿದ್ದು ತಪ್ಪಾಯಿತೆಂದು ಗೋಡೆಯ ಕ್ಯಾಲೆಂಡರಿನಲ್ಲಿ ಒಂದು ಗೆರೆ. ಹೋದ ವರ್ಷ ಜುಲೈ ಹಾಳೆಯಲ್ಲಿ ಆರು ಗೆರೆಗಳಿದ್ದವು. ಅಂದರೆ ನನಗೆ ಇನ್ನೂ ಪೂರ್ತಿ ಬಂದಿಲ್ಲ.

ಅತಿಥಿಗಳು ಈಗಲೂ ಪಾಪ ಎನ್ನುತ್ತಾರೆ. ಅವರಿಗೆ ಉತ್ತರ ಕೊಡುವುದನ್ನು ಬಿಟ್ಟಿದ್ದೇನೆ. ಕೊಡೆ ಹಿಡಿದು ಕರೆದುಕೊಂಡು ಹೋಗಿ ರಾಣಿಯ ರೋಮದೊಳಗೆ ಬೆರಳು ಇಡಿಸುತ್ತೇನೆ. ಹುಬ್ಬಳ್ಳಿಯ ಒಬ್ಬ ಹುಡುಗಿ ಕೈ ಹಾಗೇ ಇಟ್ಟುಕೊಂಡು ಐದು ನಿಮಿಷ ಬಿಡಲಿಲ್ಲ. "ಅಣ್ಣಾ, ನನಗೇ ಚಳಿ, ಇದು ಬೆಚ್ಚಗಿದೆ" ಎಂದಳು.

ದಪ್ಪ ರಗ್ಗು ಇನ್ನೂ ಇದೆ. ಮಳೆಹುಣ್ಣು ವಾಸಿಯಾದ ಮೇಲೆ ಅದನ್ನು ಬಿಸಿನೀರಿನಲ್ಲಿ ಎರಡು ಸಲ ಒಗೆದು, ಬೇಸಿಗೆಯ ಬಿಸಿಲಿನಲ್ಲಿ ವಾರವಿಡೀ ಒಣಗಿಸಿದೆ. ಲಾಯದ ಪಕ್ಕದ ನನ್ನ ಕೋಣೆಯಲ್ಲಿ ಆಶ್ಲೇಷ ಮಳೆಯ ರಾತ್ರಿ ಅದನ್ನು ನಾನೇ ಹೊದ್ದುಕೊಳ್ಳುತ್ತೇನೆ. ಎದೆಯ ಪಟ್ಟಿ ಸ್ವಲ್ಪ ಚುಚ್ಚುತ್ತದೆ. ಮಾಲೀಕರಿಗೆ ಇನ್ನೂ ಹೇಳಿಲ್ಲ.